ರೇಡಿಯೋ ತೋರಿಸುವ ದಿಕ್ಕು ಎಷ್ಟು ಡಿಗ್ರಿ ಸುಳ್ಳು?

ಮನೆಯಲ್ಲಿ ಹಳೇ ಟ್ರಾನ್ಸಿಸ್ಟರ್ ಇದ್ದರೆ ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಸೆಲ್ ಹಾಕಿ. ಮೀಡಿಯಂ ವೇವ್‌ನಲ್ಲಿ 612 ಕಿಲೋಹರ್ಟ್ಸ್ ಹತ್ತಿರ ಬೆಂಗಳೂರು ಕೇಂದ್ರ ಹುಡುಕಿ. ಸಿಕ್ಕಿತಾ? ಈಗ ರೇಡಿಯೋವನ್ನು ಮೇಜಿನ ಮೇಲಿಟ್ಟು ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಒಂದು ಕಡೆ ದನಿ ತುಂಬಿಕೊಂಡು ಬರುತ್ತದೆ. ಇನ್ನಷ್ಟು ತಿರುಗಿಸಿದರೆ ಸೊರಗಿ ಸೊರಗಿ ಬರೀ ಕರಕರ ಉಳಿಯುತ್ತದೆ.

ನಮ್ಮಪ್ಪ ಕ್ರಿಕೆಟ್ ಕಾಮೆಂಟರಿ ಕೇಳುವಾಗ ಕಿಟಕಿ ಪಟ್ಟಿಯ ಮೇಲೆ ರೇಡಿಯೋವನ್ನು ಹೀಗೇ ಆಚೆ ಈಚೆ ತಿರುಗಿಸುತ್ತಾ ಇರುತ್ತಿದ್ದರು. ಅವರಿಗೆ ಬೇಕಿದ್ದದ್ದು ಜೋರು ದನಿ. ಆದರೆ ನಮಗೆ ಈಗ ಕೆಲಸಕ್ಕೆ ಬರೋದು ದನಿ ಅಡಗಿದ ಜಾಗ.

ರೇಡಿಯೋ ಒಳಗೆ ಬಳಪದ ಥರದ ಒಂದು ಕಪ್ಪು ಕಡ್ಡಿ ಇರುತ್ತದೆ. ಅದಕ್ಕೆ ತೆಳ್ಳನೆ ತಾಮ್ರದ ತಂತಿ ಸುತ್ತಿರುತ್ತಾರೆ. ಅದೇ ಆಂಟೆನಾ. ಕಡ್ಡಿ ಸ್ಟೇಷನ್‌ಗೆ ಅಡ್ಡಲಾಗಿ ಮಲಗಿದ್ದಾಗ ಸಿಗ್ನಲ್ ಜಾಸ್ತಿ. ಕಡ್ಡಿಯ ತುದಿ ಸ್ಟೇಷನ್ ಕಡೆಗೇ ಚಾಚಿದಾಗ ಸಿಗ್ನಲ್ ಸೊನ್ನೆ. ಮೈಸೂರಿನಲ್ಲಿ ಕೂತು ಮಾಡಿದರೆ ದನಿ ಅಡಗಿದ ಹೊತ್ತಿಗೆ ರೇಡಿಯೋದ ಒಂದು ತುದಿ ಈಶಾನ್ಯಕ್ಕೆ, ಅಂದರೆ ಬೆಂಗಳೂರಿನ ಕಡೆಗೆ ತಿರುಗಿರಬೇಕು. ಅಷ್ಟೇ ನೋಡಿ, ನಿಮ್ಮ ಮೇಜಿನ ಮೇಲೆ ಒಂದು ಡೈರೆಕ್ಷನ್ ಫೈಂಡರ್, ಅಂದರೆ ಅಲೆ ಬರುವ ದಿಕ್ಕು ಹಿಡಿಯುವ ಯಂತ್ರ, ಸಿದ್ಧ. ಒಂದು ಕಾಲಕ್ಕೆ ಸಮುದ್ರದಲ್ಲಿ ಮಂಜಿಗೆ ಸಿಕ್ಕ ಹಡಗುಗಳಿಗೆ ದಡದಿಂದ ದಿಕ್ಕು ಹೇಳುತ್ತಿದ್ದದ್ದೂ ಇದೇ ಉಪಾಯದಿಂದ. ಆ ದಿಕ್ಕು ಎಷ್ಟು ತಪ್ಪಿರುತ್ತಿತ್ತು ಅನ್ನೋದೇ ಇಲ್ಲಿನ ಕಥೆ.

ಜೋರು ದನಿಯನ್ನು ಬಿಟ್ಟು ಸೊನ್ನೆಯನ್ನು ಯಾಕೆ ಹುಡುಕಬೇಕು ಅಂತ ಕೇಳಬಹುದು. ದನಿ ಅತಿ ಜೋರಾಗಿರುವ ಜಾಗದಿಂದ 10 ಡಿಗ್ರಿ ತಿರುಗಿಸಿದರೆ ಸಿಗ್ನಲ್ ಕಮ್ಮಿಯಾಗೋದು ನೂರಕ್ಕೆ ಒಂದೂವರೆ ಪಾಲು ಮಾತ್ರ. ಯಾವ ಕಿವಿಗೂ ಅದು ಗೊತ್ತಾಗಲ್ಲ. ಅದೇ ಸೊನ್ನೆಯಿಂದ 10 ಡಿಗ್ರಿ ತಿರುಗಿಸಿ. ಇಲ್ಲದ ಸಿಗ್ನಲ್ ಒಮ್ಮೆಗೇ ನೂರಕ್ಕೆ 17 ಪಾಲಿಗೆ ಏರುತ್ತದೆ. ಕಿವಿ ತಕ್ಷಣ ನೆಟ್ಟಗಾಗುತ್ತದೆ.

ಒಂದು ತೊಡಕಿದೆ. ಕಡ್ಡಿಗೆ ಎರಡು ತುದಿ. ಒಂದು ಬೆಂಗಳೂರಿನ ಕಡೆ ಇದ್ದರೆ ಇನ್ನೊಂದು ಎಚ್.ಡಿ. ಕೋಟೆ ಕಡೆ. ಸ್ಟೇಷನ್ ಯಾವ ಕಡೆ ಇದೆ ಅಂತ ಈ ಕಡ್ಡಿ ಒಂದರಿಂದಲೇ ಹೇಳಲು ಬರಲ್ಲ. ಅದಕ್ಕೆ ಪಕ್ಕದಲ್ಲಿ ಇನ್ನೊಂದು ನೆಟ್ಟಗಿನ ಆಂಟೆನಾ ನಿಲ್ಲಿಸಿ ಎರಡರ ಸಿಗ್ನಲ್ ಕೂಡಿಸುತ್ತಾರೆ. ಯಾವ ದಿಕ್ಕಿನಿಂದ ಎಷ್ಟು ಸಿಗ್ನಲ್ ಸಿಗುತ್ತದೆ ಅಂತ ಚಿತ್ರ ಬರೆದರೆ ಕಡ್ಡಿಗೆ 8ರ ಆಕಾರ ಬರುತ್ತದೆ; ಆಗ ಅದು ವೀಳ್ಯದೆಲೆ ಆಕಾರಕ್ಕೆ ತಿರುಗುತ್ತದೆ. ತೊಟ್ಟಿನ ಕಡೆ ಒಂದೇ ಒಂದು ಸೊನ್ನೆ ಉಳಿಯುತ್ತದೆ. ನಮ್ಮ ಮೈಸೂರು ಚಿಗುರೆಲೆಯನ್ನೇ ನೆನಪು ಮಾಡಿಕೊಳ್ಳಿ, ಚಿತ್ರ ಬರೆಯುವ ಕೆಲಸ ಇಲ್ಲ.

ಸಮುದ್ರ ಇಲ್ಲದ ಊರಿನವನಿಗೆ ಇದೆಲ್ಲ ಯಾಕೆ ಅನ್ನಬೇಡಿ. 1935ರಲ್ಲಿ ಮನಃಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದ ಊರಿದು. 'ಆಕಾಶವಾಣಿ' ಅನ್ನೋ ಹೆಸರು ಅಲ್ಲಿಂದಲೇ ದೇಶಕ್ಕೆಲ್ಲ ಹಬ್ಬಿತು. ಇನ್ನು ನನಗೆ ಈ ಹುಚ್ಚು ಹಿಡಿಸಿದ್ದು ನಮ್ಮ ಸೋದರಮಾವ. ಮಂಡ್ಯದ ಕಡೆಯವರು. ಕಬ್ಬಿನ ಗದ್ದೆ ಬಿಟ್ಟು ಹೋಗಿ ಸರಕು ಹಡಗುಗಳಲ್ಲಿ ರೇಡಿಯೋ ಆಫೀಸರ್ ಆಗಿದ್ದವರು. ಈಗ ಮೈಸೂರಿನಲ್ಲಿ ನಮ್ಮ ಮನೆಯ ಎರಡು ರಸ್ತೆ ಆಚೆ ಇದ್ದಾರೆ.

ಈಗ ಹಡಗಿಗೆ ಬರೋಣ. ನೂರು ವರ್ಷದ ಹಿಂದೆ ಜಿಪಿಎಸ್ ಇರಲಿಲ್ಲ, ರೇಡಾರ್ ಇರಲಿಲ್ಲ. ಮಂಜು ಕವಿದರೆ ದೀಪಸ್ತಂಭವೂ ಕಾಣದು, ನಕ್ಷತ್ರವೂ ಕಾಣದು. ಆದರೆ ರೇಡಿಯೋ ಅಲೆಗೆ ಮಂಜಿನ ಲೆಕ್ಕ ಇಲ್ಲ. ಹಡಗು ಮೋರ್ಸ್‌ನಲ್ಲಿ ಕರೆ ಕಳಿಸಿ, ಆಮೇಲೆ ಉದ್ದನೆಯ ಸದ್ದು ಬಿಡುತ್ತಿತ್ತು. ದಡದ ಸ್ಟೇಷನ್‌ನಲ್ಲಿ ಕೂತವನು ಆಂಟೆನಾ ತಿರುಗಿಸಿ, ಸದ್ದು ಅಡಗುವ ಜಾಗ ಹಿಡಿದು, 'ನೀನು ನನ್ನಿಂದ 250 ಡಿಗ್ರಿಯಲ್ಲಿದ್ದೀಯ' ಅಂತ ವಾಪಸ್ ಹೇಳುತ್ತಿದ್ದ. ಉತ್ತರದಿಂದ ಗಡಿಯಾರದ ಮುಳ್ಳಿನ ಕಡೆಗೆ ಎಣಿಸಿದ ಡಿಗ್ರಿ ಅದು. ಅದಕ್ಕೆ ಬೇರಿಂಗ್ ಅಂತಾರೆ. ಸೈಕಲ್ ಚಕ್ರದೊಳಗಿನ ಬೇರಿಂಗ್‌ಗೂ ಇದಕ್ಕೂ ಸಂಬಂಧ ಇಲ್ಲ! ಮೋರ್ಸ್‌ನಲ್ಲಿ ಈ ಪ್ರಶ್ನೆಗೆ 'ಕ್ಯೂಟಿಇ' ಅನ್ನೋ ಮೂರಕ್ಷರದ ಸಂಕೇತ ಇತ್ತು.

ಒಂದು ಸ್ಟೇಷನ್ ಹೇಳಿದರೆ ನಕ್ಷೆಯ ಮೇಲೆ ಒಂದು ಗೆರೆ. ಹಡಗು ಆ ಗೆರೆಯ ಮೇಲೆ ಎಲ್ಲೋ ಇದೆ. ಎರಡನೇ ಸ್ಟೇಷನ್ ಹೇಳಿದರೆ ಇನ್ನೊಂದು ಗೆರೆ. ಎರಡೂ ಕೂಡುವ ಜಾಗವೇ ಹಡಗು. ಮೂರನೆಯದೂ ಹೇಳಿತು ಅನ್ನಿ, ಮೂರು ಗೆರೆಯೂ ಒಂದೇ ಚುಕ್ಕೆಯಲ್ಲಿ ಕೂಡಬೇಕು ತಾನೇ? ಕೂಡಲ್ಲ. ನಡುವೆ ಒಂದು ತ್ರಿಕೋನ ಉಳಿಯುತ್ತದೆ. ಯಾಕೆಂದರೆ ಮೂವರೂ ಅಷ್ಟಿಷ್ಟು ತಪ್ಪು ಹೇಳಿರುತ್ತಾರೆ.

ಈ ಅಷ್ಟಿಷ್ಟು ಎಷ್ಟು ದುಬಾರಿ ನೋಡಿ. ಮೈಸೂರಿನಿಂದ ಮಂಡ್ಯಕ್ಕೆ ನೇರ ಗೆರೆ ಎಳೆದರೆ ಸುಮಾರು 36 ಕಿಲೋಮೀಟರ್. ಇಲ್ಲಿಂದ ಮಂಡ್ಯದ ಕಡೆ ಗುರಿಯಿಟ್ಟು 1 ಡಿಗ್ರಿ ತಪ್ಪಿದರೆ ಆ ತುದಿಯಲ್ಲಿ 600 ಮೀಟರಿಗೂ ಜಾಸ್ತಿ ಪಕ್ಕಕ್ಕೆ ಹೋಗುತ್ತೀರಿ. 5 ಡಿಗ್ರಿ ತಪ್ಪಿದರೆ 3 ಕಿಲೋಮೀಟರ್ ಆಚೆ, ಯಾರದೋ ಕಬ್ಬಿನ ಗದ್ದೆಯಲ್ಲಿ. ನಾವಿಕರು ಇದನ್ನು ಹೀಗೆ ನೆನಪಿಡುತ್ತಾರೆ: 60 ಮೈಲಿ ದೂರದಲ್ಲಿ 1 ಡಿಗ್ರಿ ಅಂದರೆ 1 ಮೈಲಿ. ನೌಕಾ ಮೈಲಿ ಅಂದರೆ 1.85 ಕಿಲೋಮೀಟರ್. ಗದ್ದೆಗೆ ಹೋದರೆ ಕಾಲು ಕೆಸರಾಗುತ್ತದೆ, ಅಷ್ಟೆ. ಸಮುದ್ರದಲ್ಲಿ ಆ ಒಂದು ಮೈಲಿಯಲ್ಲಿ ಬಂಡೆ ಇರಬಹುದು.

ಇನ್ನು ಈ ತಪ್ಪು ಬರೋದು ಎಲ್ಲಿಂದ? ಮದುವೆ ಛತ್ರದಲ್ಲಿ ಕಣ್ಣು ಮುಚ್ಚಿ ಕೂತು ಓಲಗ ಯಾವ ಮೂಲೆಯಿಂದ ಬರುತ್ತಿದೆ ಹೇಳಿ ನೋಡೋಣ. ಗೋಡೆಗೆ ಬಡಿದು, ತಾರಸಿಗೆ ಬಡಿದು ಎಲ್ಲ ಕಡೆಯಿಂದಲೂ ಬಂದಂತೆ ಅನ್ನಿಸುತ್ತದೆ. ರೇಡಿಯೋ ಅಲೆಗೆ ಛತ್ರದ ಗೋಡೆ ಅಂದರೆ ಲೋಹ. ಹತ್ತಿರದಲ್ಲಿ ತಂತಿ ಬೇಲಿ, ಕರೆಂಟಿನ ಲೈನು, ಕಬ್ಬಿಣದ ಕಂಬ, ನೆಲದೊಳಗಿನ ಪೈಪು ಏನಿದ್ದರೂ ಬಂದ ಅಲೆಯನ್ನು ಹೀರಿಕೊಂಡು ತಾನೇ ಒಂದು ಪುಟ್ಟ ಸ್ಟೇಷನ್ ಆಗಿ ಮತ್ತೆ ಉಗುಳುತ್ತದೆ. ಆಂಟೆನಾಗೆ ನಿಜವಾದ ಅಲೆಯೂ ಸಿಗುತ್ತದೆ, ಈ ಉಗುಳಿದ ಅಲೆಯೂ ಸಿಗುತ್ತದೆ. ಎರಡೂ ಸೇರಿ ಸೊನ್ನೆಯ ಜಾಗ ಒಂಚೂರು ಸರಿಯುತ್ತದೆ.

ಅಂದರೆ ತಪ್ಪಿಲ್ಲದ ಸ್ಟೇಷನ್ ಕಟ್ಟಲು ಆಗಲ್ಲ. ಬಯಲು ಜಾಗ ಹುಡುಕಬಹುದು, ಬೇಲಿ ದೂರ ಇಡಬಹುದು, ತಂತಿಗಳನ್ನು ನೆಲದೊಳಗೆ ಹೂಳಬಹುದು. ಆದರೂ ಒಂದಿಷ್ಟು ತಪ್ಪು ಉಳಿಯುತ್ತದೆ. ಅಲ್ಲಿಂದ ಶುರುವಾಗೋದೇ ಕ್ಯಾಲಿಬ್ರೇಶನ್.

ಕ್ಯಾಲಿಬ್ರೇಶನ್ ಅಂದಕೂಡಲೇ ಯಂತ್ರವನ್ನು ಸರಿ ಮಾಡೋದು ಅಂತ ಬಹಳ ಜನ ತಿಳಿದಿರುತ್ತಾರೆ. ಅಲ್ಲ. ಯಂತ್ರ ಎಷ್ಟು ತಪ್ಪು ಹೇಳುತ್ತದೆ ಅಂತ ಬರೆದಿಟ್ಟುಕೊಳ್ಳೋದು. ದೇವರಾಜ ಮಾರುಕಟ್ಟೆಯಲ್ಲಿ ಒಂದು ತಕ್ಕಡಿ ಯಾವಾಗಲೂ 50 ಗ್ರಾಂ ಜಾಸ್ತಿ ತೋರಿಸುತ್ತದೆ ಅನ್ನಿ. ಅದು ನಿಮಗೆ ಗೊತ್ತಿದ್ದರೆ ಆ ತಕ್ಕಡಿಯಿಂದ ನಿಮಗೆ ಮೋಸ ಇಲ್ಲ. 50 ಕಳೆದರೆ ಆಯಿತು. ದಿಕ್ಕಿನ ಯಂತ್ರದ ಕಥೆ ಇನ್ನೂ ಸ್ವಲ್ಪ ವಿಚಿತ್ರ. ಇದು ಟೊಮ್ಯಾಟೊಗೆ 50 ಗ್ರಾಂ ಜಾಸ್ತಿ, ಬದನೆಕಾಯಿಗೆ 20 ಗ್ರಾಂ ಕಮ್ಮಿ, ಹುರುಳಿಕಾಯಿಗೆ ಸರಿಯಾಗಿ ತೋರಿಸುವ ತಕ್ಕಡಿ. ಒಂದೊಂದು ದಿಕ್ಕಿಗೂ ಒಂದೊಂದು ತಪ್ಪು. ಹಾಗಾಗಿ ಒಂದು ಅಂಕಿ ಸಾಲದು, ದಿಕ್ಕಿಗೊಂದರಂತೆ ಪೂರಾ ಪಟ್ಟಿಯೇ ಬೇಕು.

ಪಟ್ಟಿ ಮಾಡೋದು ಹೇಗೆ? ಆಂಟೆನಾದ ಪಕ್ಕದಲ್ಲೇ ಒಂದು ಥಿಯೋಡೊಲೈಟ್ ಇಡುತ್ತಾರೆ, ರಸ್ತೆ ಅಳೆಯುವ ಸರ್ವೆಯವರು ಮೂರು ಕಾಲಿನ ಮೇಲೆ ಇಟ್ಟು ಇಣುಕುತ್ತಾರಲ್ಲ, ಅದೇ. ಸೂರ್ಯನನ್ನೋ ನಕ್ಷತ್ರವನ್ನೋ ನೋಡಿ ನಿಜವಾದ ಉತ್ತರ ಎಲ್ಲಿದೆ ಅಂತ ಮೊದಲು ಗುರುತು ಮಾಡಿಕೊಳ್ಳುತ್ತಾರೆ. ಆಮೇಲೆ ಒಂದು ಹಡಗು ದಡದಿಂದ ಕೆಲವು ಮೈಲಿ ದೂರದಲ್ಲಿ, ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ, ಸ್ಟೇಷನ್ನನ್ನು ನಡುವೆ ಇಟ್ಟುಕೊಂಡು ಕಮಾನಿನ ಥರ ಸಾಗುತ್ತದೆ. ಸಾಗುತ್ತಾ ರೇಡಿಯೋ ಸದ್ದು ಬಿಡುತ್ತದೆ. ಸದ್ದು ಬಂದ ಹೊತ್ತಿಗೆ ಒಳಗಿರುವವನು ಕಿವಿಯಿಂದ ಹಿಡಿದ ಡಿಗ್ರಿ ಬರೆಯುತ್ತಾನೆ. ಹೊರಗಿರುವವನು ಅದೇ ಕ್ಷಣಕ್ಕೆ ದುರ್ಬೀನಿನಲ್ಲಿ ಹಡಗಿನ ಆಂಟೆನಾ ನೋಡಿ ಕಣ್ಣಿನ ಡಿಗ್ರಿ ಬರೆಯುತ್ತಾನೆ. ಇಬ್ಬರೂ ಒಬ್ಬರ ಅಂಕಿ ಒಬ್ಬರಿಗೆ ಹೇಳಬಾರದು. ಹೇಳಿದರೆ ಕಿವಿಗೆ ಪಕ್ಷಪಾತ ಬರುತ್ತದೆ, ಮನುಷ್ಯರಲ್ವಾ!

ಹೀಗೆ ಮೂರು ನಾಲ್ಕು ಡಿಗ್ರಿಗೊಮ್ಮೆ ಅಳೆಯುತ್ತಾ ಹೋಗಬೇಕು. ಒಂದು ಸಲ ಹಡಗು ಎಡದಿಂದ ಬಲಕ್ಕೆ, ಇನ್ನೊಂದು ಸಲ ಬಲದಿಂದ ಎಡಕ್ಕೆ. ಎರಡು ಸಲ ಯಾಕೆ ಅಂದರೆ, ಕಿವಿಯಲ್ಲಿ ಕೇಳಿ ಕೈ ನಿಲ್ಲಿಸುವಷ್ಟರಲ್ಲಿ ಹಡಗು ಒಂಚೂರು ಮುಂದೆ ಹೋಗಿರುತ್ತದೆ. ಎರಡೂ ಕಡೆಯಿಂದ ಅಳೆದು ಸರಾಸರಿ ತೆಗೆದರೆ ಆ ತಡ ಒಂದಕ್ಕೊಂದು ವಜಾ ಆಗುತ್ತದೆ. ಸುತ್ತ 360 ಡಿಗ್ರಿಯೂ ಬೇಕಿಲ್ಲ. ಹಿಂದೆ ಇರೋದು ಗುಡ್ಡ, ಗದ್ದೆ, ತೆಂಗಿನ ತೋಟ. ಅಲ್ಲಿಗೆ ಯಾವ ಹಡಗೂ ಬರಲ್ಲ. ಸಮುದ್ರದ ಕಡೆಯ ಪಾಲು ಸಾಕು.

ಆಮೇಲೆ ರೇಡಿಯೋ ಡಿಗ್ರಿಯಿಂದ ಕಣ್ಣಿನ ಡಿಗ್ರಿ ಕಳೆಯಿರಿ. ಸುಮ್ನೆ ಉದಾಹರಣೆಗೆ: ಕಣ್ಣಿಗೆ 240, ರೇಡಿಯೋಗೆ 243. ಕಣ್ಣಿಗೆ 270, ರೇಡಿಯೋಗೆ 271. ಕಣ್ಣಿಗೆ 300, ರೇಡಿಯೋಗೆ 298. ತಪ್ಪು ಕ್ರಮವಾಗಿ 3 ಜಾಸ್ತಿ, 1 ಜಾಸ್ತಿ, 2 ಕಮ್ಮಿ. ಇವನ್ನು ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಟ್ಟು ಸೇರಿಸಿದರೆ ಒಂದು ಅಂಕುಡೊಂಕು ಗೆರೆ ಬರುತ್ತದೆ. ಈ ವಿದ್ಯೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಈ ಗೆರೆ ಓದೋದು. ಒಳ್ಳೇ ನಾಟಿ ವೈದ್ಯರು ನಾಡಿ ಹಿಡಿದು ಹೇಳಿದ ಹಾಗೆ, ಗೆರೆಯ ಆಕಾರ ನೋಡಿಯೇ ಕಾಯಿಲೆ ಯಾವುದು ಅಂತ ಹೇಳಬಹುದು.

ಗೆರೆ ಎಲ್ಲ ಕಡೆ ಒಂದೇ ಎತ್ತರದಲ್ಲಿದ್ದರೆ, ಅಂದರೆ ಎಲ್ಲ ದಿಕ್ಕಿಗೂ 2 ಡಿಗ್ರಿ ಜಾಸ್ತಿ ತೋರಿಸಿದರೆ, ಖುಷಿಪಡಿ. ಉತ್ತರದ ಗುರುತು ತಪ್ಪಾಗಿದೆ ಅಷ್ಟೆ. ಡಿಗ್ರಿ ತಟ್ಟೆಯನ್ನು 2 ಡಿಗ್ರಿ ತಿರುಗಿಸಿದರೆ ಮುಗಿಯಿತು. ಪೂರಾ ಸುತ್ತಿನಲ್ಲಿ ಗೆರೆ ಒಂದು ಸಲ ಏರಿ ಒಂದು ಸಲ ಇಳಿದರೆ, ಹತ್ತಿರದಲ್ಲಿ ಎತ್ತರದ ಕಂಬವೋ ತಂತಿಯೋ ನಿಂತಿದೆ ಅನ್ನೋ ಅನುಮಾನ. ಎರಡು ಸಲ ಏರಿ ಎರಡು ಸಲ ಇಳಿದರೆ ಬೇರೆ ರೋಗ. ಅದಕ್ಕೆ ಆಂಟೆನಾದ ಬಗ್ಗೆ ಒಂದು ಮಾತು ಹೇಳಬೇಕು.

ದೊಡ್ಡ ಆಂಟೆನಾವನ್ನು ಗಾಳಿಮಳೆಯಲ್ಲಿ ತಿರುಗಿಸೋದು ಕಷ್ಟ. 1907ರ ಸುಮಾರಿಗೆ ಬೆಲ್ಲಿನಿ ಮತ್ತು ಟೋಸಿ ಎಂಬ ಇಬ್ಬರು ಇಟಲಿಯವರು ಇದಕ್ಕೊಂದು ಉಪಾಯ ಕಂಡುಹಿಡಿದರು. ಅಲುಗಾಡದ ಎರಡು ದೊಡ್ಡ ತಂತಿ ಬಳೆಗಳನ್ನು ಒಂದಕ್ಕೊಂದು ಅಡ್ಡಲಾಗಿ ನಿಲ್ಲಿಸಿದರು. ಒಂದು ಉತ್ತರ-ದಕ್ಷಿಣ, ಇನ್ನೊಂದು ಪೂರ್ವ-ಪಶ್ಚಿಮ. ಅವುಗಳಿಂದ ತಂತಿ ಒಳಗೆ ತಂದು, ಮೇಜಿನ ಮೇಲೆ ಅದೇ ಜೋಡಣೆಯ ಪುಟ್ಟ ರೂಪ ಮಾಡಿ, ನಡುವೆ ಒಂದು ಸಣ್ಣ ಸುರುಳಿ ಇಟ್ಟರು. ಬೆಚ್ಚಗೆ ಒಳಗೆ ಕೂತು ಆ ಸುರುಳಿ ತಿರುಗಿಸಿದರೆ ಹೊರಗಿನ ದೊಡ್ಡ ಆಂಟೆನಾವನ್ನೇ ತಿರುಗಿಸಿದ ಹಾಗೆ. ಬುದ್ಧಿವಂತಿಕೆ ಅಂದರೆ ಇದು. ಆದರೆ ಎರಡು ಬಳೆಯೂ ತದ್ರೂಪ ಇರಬೇಕು. ಒಂದು ಚೂರು ದೊಡ್ಡದಾದರೆ, ಅಥವಾ ಒಂದರ ತಂತಿಯ ಬೆಸುಗೆ ತುಕ್ಕು ಹಿಡಿದರೆ, ಗೆರೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ನೆಟ್ಟಗಿನ ನಾಲ್ಕು ದಿಕ್ಕಿಗೆ ತಪ್ಪಿಲ್ಲ, ನಾಲ್ಕು ಮೂಲೆಗಳಲ್ಲಿ ಪೂರಾ ತಪ್ಪು.

ನಮ್ಮ ಮಾವನಿಗೆ ಈ ಎರಡು ಏರು ಎರಡು ಇಳಿತದ ಗೆರೆ ಚಡ್ಡಿ ದೋಸ್ತು. ಹಡಗಿನಲ್ಲೂ ದಿಕ್ಕು ಹಿಡಿಯುವ ಯಂತ್ರ ಇರುತ್ತಿತ್ತು. ಹಡಗೇ ಒಂದು ಉದ್ದನೆಯ ಕಬ್ಬಿಣದ ತೊಟ್ಟಿ. ಮೂಗಿನ ನೇರಕ್ಕೆ, ಬಾಲದ ನೇರಕ್ಕೆ, ಎರಡು ಪಕ್ಕಕ್ಕೆ ಸರಿಯಾಗಿ ತೋರಿಸುತ್ತದೆ. 45 ಡಿಗ್ರಿ ಓರೆಯಲ್ಲಿ ಬಂದ ಅಲೆಯನ್ನು ಹಡಗಿನ ಮೈ ತನ್ನ ಕಡೆ ಎಳೆದುಕೊಳ್ಳುತ್ತದೆ. ಹಾಗಾಗಿ ಅವರು ಮಾಡುತ್ತಿದ್ದ ಕ್ಯಾಲಿಬ್ರೇಶನ್ ದಡದವರದ್ದರ ಉಲ್ಟಾ. ಕಣ್ಣಿಗೆ ಕಾಣುವ ರೇಡಿಯೋ ಬೀಕನ್ (ಒಂದೇ ಜಾಗದಿಂದ ರೇಡಿಯೋ ಸದ್ದು ಬಿಡುತ್ತಾ ಇರುವ ಯಂತ್ರ) ಒಂದರ ಎದುರು ಹಡಗನ್ನೇ ನಿಧಾನವಾಗಿ ಒಂದು ಸುತ್ತು ತಿರುಗಿಸಿ ಪಟ್ಟಿ ಮಾಡೋದು. 'ದಿಕ್ಕು ಯೋಳೋದು ಸುಲ್ಬ ಕಣ್ಲಾ. ಎಷ್ಟು ತಪ್ಪು ಯೋಳ್ತಾ ಇವ್ನಿ ಅಂತ ಯೋಳಕ್ಕೆ ಇಡೀ ದಿನ ಬಿಸಿಲಲ್ಲಿ ನಿಂತ್ಕಬೇಕು' ಅಂತ ಅವರ ಮಾತು.

ಪಟ್ಟಿ ಇದ್ದರೂ ಎಡವುವ ಒಂದು ಜಾಗ ಇದೆ. ಯಂತ್ರ 3 ಡಿಗ್ರಿ ಜಾಸ್ತಿ ತೋರಿಸಿದರೆ ನಾವು 3 ಕಳೆಯಬೇಕು. ಅವಸರದಲ್ಲಿ ಪಟ್ಟಿಯಲ್ಲಿ ಕೂಡುವ ಗುರುತು ನೋಡಿ 3 ಕೂಡಿಸಿದರೆ? ತಪ್ಪು 6 ಡಿಗ್ರಿಗೆ ಹೋಯಿತು. 60 ಮೈಲಿಯಲ್ಲಿ 6 ಮೈಲಿ, ಅಂದರೆ 11 ಕಿಲೋಮೀಟರ್. ಪಟ್ಟಿಯೇ ಇಲ್ಲದಿದ್ದರೆ ಅರ್ಧ ತಪ್ಪಲ್ಲಿ ಮುಗಿಯುತ್ತಿತ್ತು! ಅದಕ್ಕೇ ಒಳ್ಳೆಯ ಪಟ್ಟಿಯಲ್ಲಿ ತಪ್ಪನ್ನು ಬರೆಯಲ್ಲ, ಏನು ಮಾಡಬೇಕು ಅನ್ನೋದನ್ನು ಬರೆಯುತ್ತಾರೆ: 'ಓದಿದ್ದು 243, ಹೇಳಬೇಕಾದ್ದು 240.'

ಒಂದು ಸಲ ಮಾಡಿಟ್ಟರೆ ಜನ್ಮಪೂರ್ತಿ ನಡೆಯುತ್ತದಾ? ಇಲ್ಲ. ಪಕ್ಕದಲ್ಲಿ ಹೊಸ ಬೇಲಿ ಬಂತು, ಕರೆಂಟ್ ಲೈನ್ ಎಳೆದರು, ತಗಡಿನ ಶೆಡ್ ಹಾಕಿದರು ಅಂದರೆ ಪಟ್ಟಿ ಹಳತಾಯಿತು. ಬೇಸಿಗೆಯ ಒಣ ನೆಲಕ್ಕೂ ಮಳೆಗಾಲದ ಒದ್ದೆ ನೆಲಕ್ಕೂ ವ್ಯತ್ಯಾಸ ಬರಬಹುದು. ಫ್ರೀಕ್ವೆನ್ಸಿ ಬದಲಾದರೆ ಪಟ್ಟಿಯೂ ಬೇರೆ, ಯಾಕೆಂದರೆ ಒಂದು ಅಲೆಗೆ ಸುಮ್ಮನಿರುವ ಕಂಬ ಇನ್ನೊಂದು ಅಲೆಗೆ ಕುಣಿಯುತ್ತದೆ. ಎಷ್ಟು ಮಾಡಿದರೂ ಕೆಲವು ದಿಕ್ಕು ಪಳಗೋದೇ ಇಲ್ಲ. ಅಂಥ ಕಡೆಯ ಬೇರಿಂಗ್ ನಂಬಬೇಡಿ ಅಂತ ನಾವಿಕರ ಪುಸ್ತಕಗಳಲ್ಲೇ ಅಚ್ಚು ಹಾಕುತ್ತಿದ್ದರು. ಇದು ನನಗೆ ಬಹಳ ಹಿಡಿಸಿತು. 'ಇಷ್ಟು ಡಿಗ್ರಿಯಿಂದ ಇಷ್ಟು ಡಿಗ್ರಿವರೆಗೆ ನಮ್ಮನ್ನು ಕೇಳಬೇಡಿ' ಅಂತ ತಾನೇ ಹೇಳಿಕೊಳ್ಳುವ ಕಚೇರಿ ಎಷ್ಟಿವೆ ಹೇಳಿ?

ಇಲ್ಲಿವರೆಗೆ ಹೇಳಿದ್ದು ಪಟ್ಟಿಗೆ ಸಿಗುವ ತಪ್ಪುಗಳು. ಸಿಗದೇ ಜಾರುವ ಎರಡಿವೆ.

ಮೊದಲನೆಯದು ದಡದ ಬಾಗು. ಉಪ್ಪು ನೀರಿನಲ್ಲಿ ವಿದ್ಯುತ್ ಸರಾಗ ಹರಿಯುತ್ತದೆ, ನೆಲದಲ್ಲಿ ಅಷ್ಟು ಹರಿಯಲ್ಲ. ಹಾಗಾಗಿ ನೀರಿನ ಮೇಲೆ ಓಡುವ ಅಲೆ ನೆಲದ ಮೇಲಿನದಕ್ಕಿಂತ ತುಸು ವೇಗ. ಡಾಂಬರು ರಸ್ತೆಯಿಂದ ಮರಳಿಗೆ ಓರೆಯಾಗಿ ಇಳಿದ ಎತ್ತಿನಗಾಡಿ ನೆನೆಸಿಕೊಳ್ಳಿ. ಮೊದಲು ಮರಳು ಮುಟ್ಟಿದ ಚಕ್ರ ನಿಧಾನವಾಗಿ, ಗಾಡಿ ಆ ಕಡೆಗೆ ತಿರುಗುತ್ತದೆ. ಅಲೆಯೂ ದಡ ದಾಟುವಾಗ ಹಾಗೇ ಬಾಗುತ್ತದೆ. ನೇರವಾಗಿ ದಾಟಿದರೆ ಬಾಗಲ್ಲ, ದಡಕ್ಕೆ ಸವರಿದಂತೆ ಬಂದರೆ ಜಾಸ್ತಿ ಬಾಗುತ್ತದೆ. ನಮ್ಮ ಕರಾವಳಿಯನ್ನೇ ತೆಗೆದುಕೊಳ್ಳಿ. ಅದು ಹೆಚ್ಚುಕಮ್ಮಿ ಉತ್ತರ-ದಕ್ಷಿಣ ಮಲಗಿದೆ. ಮಂಗಳೂರಿನ ಹತ್ತಿರ ದಡದಿಂದ ಸ್ವಲ್ಪ ಒಳಗೆ ಅಂಥ ಸ್ಟೇಷನ್ ಇದೆ ಅಂದುಕೊಂಡರೆ, ನೇರ ಪಡುವಣದಲ್ಲಿರುವ ಹಡಗಿಗೆ ತೊಂದರೆ ಇಲ್ಲ. ಕಾರವಾರದ ಕಡೆಯಿಂದ ದಡ ಹಿಡಿದು ಬರುವ ಹಡಗಿನ ಬೇರಿಂಗ್ ಮೇಲೆ ಅನುಮಾನ ಇಡಬೇಕು. ಐದು ಮೈಲಿಯಲ್ಲಿ ಹಡಗು ಓಡಿಸಿ ಮಾಡಿದ ಪಟ್ಟಿಯಲ್ಲಿ ಇದು ಪೂರಾ ಸಿಗಲ್ಲ. ದೂರದ ಹಡಗಿನ ಅಲೆ ದಡವನ್ನು ಬೇರೆ ಜಾಗದಲ್ಲಿ, ಬೇರೆ ಓರೆಯಲ್ಲಿ ದಾಟಿರುತ್ತದೆ. ಅದಕ್ಕೆ ದೂರದಲ್ಲೂ ಒಂದಿಷ್ಟು ಅಳತೆ ಬೇಕು.

ಎರಡನೆಯದು ರಾತ್ರಿ. ಇದನ್ನು ನೀವೇ ಕೇಳಿರುತ್ತೀರಿ. ಹಗಲು ಸಿಗದ ದೂರದೂರದ ಸ್ಟೇಷನ್‌ಗಳು ಮೀಡಿಯಂ ವೇವ್‌ನಲ್ಲಿ ಕತ್ತಲಾದ ಮೇಲೆ ಸಿಗುತ್ತವೆ. ಅಲೆ ಆಕಾಶದಲ್ಲಿ ಬಹಳ ಎತ್ತರದ ಅಯಾನು ಪದರಕ್ಕೆ, ಅಂದರೆ ವಿದ್ಯುತ್ ಕಣಗಳಿರುವ ಗಾಳಿಯ ಪದರಕ್ಕೆ, ಬಡಿದು ಕೆಳಗೆ ಬರುತ್ತದೆ. ಹಾಡು ಕೇಳುವವರಿಗೆ ಹಬ್ಬ, ದಿಕ್ಕು ಹಿಡಿಯುವವರಿಗೆ ತಲೆನೋವು. ಮೇಲಿಂದ ಬರುವ ಅಲೆ ಮಗುಚಿಕೊಂಡು ಬರುತ್ತದೆ. ಬಳೆಯ ಅಡ್ಡ ತಂತಿಗಳಿಗೂ ಅದು ತಾಗಿ, ಸೊನ್ನೆ ಮಸುಕಾಗುತ್ತದೆ, ಅತ್ತಿತ್ತ ಅಲೆದಾಡುತ್ತದೆ. ಸೂರ್ಯ ಹುಟ್ಟುವ, ಮುಳುಗುವ ಆಸುಪಾಸಿನ ಹೊತ್ತಂತೂ ಅತಿ ಕೆಟ್ಟದು. ಈ ತಪ್ಪು ನಿಮಿಷ ನಿಮಿಷಕ್ಕೂ ಬೇರೆ. ಬರೆದಿಟ್ಟುಕೊಳ್ಳಲು ಅದು ನಿಂತರೆ ತಾನೇ? ಕ್ಯಾಲಿಬ್ರೇಶನ್ನನ್ನು ನಡುಹಗಲಲ್ಲೇ ಮಾಡೋದು ಇದಕ್ಕೇ. 1919ರಲ್ಲಿ ಆಡ್‌ಕಾಕ್ ಎಂಬವರು ಅಡ್ಡ ತಂತಿಗಳ ಕಾಟ ಇಲ್ಲದ, ಬರೀ ನೆಟ್ಟಗಿನ ಕಂಬಗಳ ಆಂಟೆನಾಗೆ ಪೇಟೆಂಟ್ ತೆಗೆದುಕೊಂಡರು. ಅದರಿಂದ ರಾತ್ರಿಯ ಕಾಟ ಬಹಳಷ್ಟು ಕಮ್ಮಿಯಾಯಿತು.

ಉಳಿದದ್ದು ಮನುಷ್ಯನ ಅಂದಾಜು. ಸ್ಟೇಷನ್‌ನವನು ಬೇರಿಂಗ್ ಜೊತೆಗೆ ಅದರ ದರ್ಜೆಯನ್ನೂ ಹೇಳಬೇಕಿತ್ತು. 'ಎ' ಅಂದರೆ 2 ಡಿಗ್ರಿ ಆಚೀಚೆ, 'ಬಿ' ಅಂದರೆ 5, 'ಸಿ' ಅಂದರೆ 10. ಹಡಗಿನವನು ಅದಕ್ಕೆ ತಕ್ಕಂತೆ ನಕ್ಷೆಯಲ್ಲಿ ಗೆರೆ ಎಳೆಯುವ ಬದಲು ಅಗಲವಾದ ಪಟ್ಟೆ ಎಳೆದುಕೊಳ್ಳುತ್ತಿದ್ದ.

ನಂಬಿಕೆಯ ಮಾತು ಬಂದರೆ 1923ರ ಸೆಪ್ಟೆಂಬರ್ 8ರ ರಾತ್ರಿಯನ್ನು ಬಿಡಲು ಆಗಲ್ಲ. ಅಮೆರಿಕ ನೌಕಾಪಡೆಯ 14 ಡಿಸ್ಟ್ರಾಯರ್ ಹಡಗುಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಸ್ಯಾನ್ ಡಿಯಾಗೋಗೆ ಸಾಲಾಗಿ ಹೊರಟಿದ್ದವು. ಮಂಜು. ವೇಗ 20 ನಾಟ್, ಅಂದರೆ ಗಂಟೆಗೆ 20 ನೌಕಾ ಮೈಲಿ. ಮುಂದಿದ್ದ ಡೆಲ್ಫಿ ಹಡಗಿನಲ್ಲಿ ವೇಗ ಮತ್ತು ಹೊತ್ತಿನ ಲೆಕ್ಕ ಹಾಕಿ, ನಾವು ಸಾಂಟಾ ಬಾರ್ಬರಾ ಕಾಲುವೆಯ ಬಾಯಿಗೆ ಬಂದಿದ್ದೇವೆ ಅಂತ ತೀರ್ಮಾನಿಸಿದರು. ದಡದ ಪಾಯಿಂಟ್ ಆರ್ಗ್ವೆಲ್ಲೊ ಸ್ಟೇಷನ್‌ನ ಬೇರಿಂಗ್ ಬೇರೆಯೇ ಹೇಳುತ್ತಿತ್ತು: ನೀವಿನ್ನೂ ನನ್ನ ಉತ್ತರಕ್ಕೇ ಇದ್ದೀರಿ ಅಂತ. ಆಗಿನ್ನೂ ಈ ವಿದ್ಯೆ ಹೊಸದು. ಎರಡು ತುದಿಯ ಕಡ್ಡಿಯ ಹಾಗೆ ಹಿಂದುಮುಂದಾಗುವ ತೊಂದರೆಯೂ ಅದಕ್ಕಿತ್ತು. ಡೆಲ್ಫಿಯವರು ತಮ್ಮ ಲೆಕ್ಕವನ್ನೇ ನಂಬಿ ಪೂರ್ವಕ್ಕೆ ತಿರುಗಿದರು. ಎದುರಿಗಿದ್ದದ್ದು ಹೋಂಡಾ ಪಾಯಿಂಟ್‌ನ ಬಂಡೆಗಳು. ಏಳು ಹಡಗು ಹೋದವು, 23 ನಾವಿಕರು ಸತ್ತರು. ಸ್ಟೇಷನ್ ಹೇಳಿದ್ದು ಸರಿಯಾಗಿತ್ತು.

ಮಾವನಿಗೆ ಈ ಕಥೆ ಹೇಳಿದಾಗ ಅವರು ಹಡಗಿನವರನ್ನು ಬೈಯಲಿಲ್ಲ. 'ಆ ಟೇಸನ್ನು ಎಷ್ಟು ಡಿಗ್ರಿ ತಪ್ಪುತ್ತೆ ಅಂತ ಅವ್ರ ಕೈಲಿ ಚೀಟಿ ಇತ್ತಾ?' ಅಂತ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಅವರೇ, 'ನಡಿ, ಒಂದು ಮಾಡೇಬುಡಾವ' ಅಂದರು.

ಹಾಗೆ ಒಂದು ಭಾನುವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಗೆ ಹೋದೆವು. ನಮ್ಮ ಜೊತೆ ಹ್ಯಾಮ್ ಲೈಸೆನ್ಸ್, ಅಂದರೆ ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವ ಪರವಾನಗಿ, ಇರುವ ನನ್ನ ಗೆಳೆಯ. ನಮ್ಮ ಸ್ಟೇಷನ್ ಪಡುವಣ ದಂಡೆಯಲ್ಲಿ, ಹಾಗಾಗಿ ನಮ್ಮ ಅರಬ್ಬೀ ಸಮುದ್ರ ಪೂರ್ವಕ್ಕಿತ್ತು! ಗೆಳೆಯನೇ ಹಡಗು. ಕೈಯಲ್ಲಿ 145 ಮೆಗಾಹರ್ಟ್ಸ್ ಸೆಟ್ ಹಿಡಿದು ಎದುರು ದಂಡೆಯ ಕಾಲುದಾರಿಯಲ್ಲಿ ನಡೆಯೋದು ಅವನ ಕೆಲಸ. ನಮ್ಮ ಆಂಟೆನಾ ಪಿವಿಸಿ ಪೈಪಿಗೆ ಸ್ಟೀಲ್ ಟೇಪಿನ ತುಂಡು ಬಿಗಿದು ಮಾಡಿದ ಯಾಗಿ, ಹಳೇ ಟಿವಿ ಆಂಟೆನಾ ಥರ ಅಡ್ಡಕಡ್ಡಿಗಳಿರುವಂಥದ್ದು. ಥಿಯೋಡೊಲೈಟ್ ಬದಲು ಡಿಗ್ರಿ ಗುರುತು ಹಾಕಿದ ಪ್ಲೈವುಡ್ ತಟ್ಟೆ, ಗುರಿ ಹಿಡಿಯಲು ಎರಡು ಗುಂಡುಸೂಜಿ. ಉತ್ತರಕ್ಕೆ ಮೊಬೈಲ್ ದಿಕ್ಸೂಚಿ ನಂಬಲಿಲ್ಲ. ನಿಂತ ಜಾಗದಿಂದ ಚಾಮುಂಡಿ ಬೆಟ್ಟದ ಗೋಪುರ ಎಷ್ಟು ಡಿಗ್ರಿ ಅಂತ ನಕ್ಷೆಯಲ್ಲಿ ಲೆಕ್ಕ ಹಾಕಿ, ತಟ್ಟೆಯನ್ನು ಗೋಪುರಕ್ಕೆ ಹೊಂದಿಸಿದೆವು.

ಯಾಗಿಯಲ್ಲಿ ಬಳೆಯಷ್ಟು ಚೂಪಾದ ಸೊನ್ನೆ ಸಿಗಲ್ಲ. ಅದಕ್ಕೆ ಮಾವ ಒಂದು ಉಪಾಯ ಹೇಳಿಕೊಟ್ಟರು. ಎಡಕ್ಕೆ ತಿರುಗಿಸುತ್ತಾ ಮೀಟರ್ ಮುಳ್ಳು ಒಂದು ಗುರುತಿಗೆ ಇಳಿದಾಗ ಡಿಗ್ರಿ ಬರೆ. ಬಲಕ್ಕೆ ತಿರುಗಿಸಿ ಮುಳ್ಳು ಅದೇ ಗುರುತಿಗೆ ಇಳಿದಾಗ ಬರೆ. ಎರಡರ ನಡುವೆ ಇರೋದೇ ದಿಕ್ಕು. ಅವರು ಕಿವಿಗೆ ಇಯರ್‌ಫೋನ್ ಹಾಕಿ ತಿರುಗಿಸಿದರು. ನಾನು ಸೂಜಿಯಲ್ಲಿ ಗೆಳೆಯನ ಕೆಂಪು ಟೋಪಿ ನೋಡಿದೆ. ವಾಕಿಂಗ್ ಬಂದವರೊಬ್ಬರು ನಿಂತು, 'ಏನ್ ಸಾರ್, ಹಕ್ಕಿ ಎಣಿಸ್ತಿದ್ದೀರಾ?' ಅಂದರು. ಮಾವ ಕಣ್ಣು ಎತ್ತದೇ 'ಒಂದೇ ಹಕ್ಕಿ, ಟೋಪಿ ಹಾಕ್ಕೊಂಡದೆ' ಅಂದರು.

ಮೊದಲ ಸುತ್ತಿನಲ್ಲಿ ಎಡಗಡೆಯ ಓದುಗಳೆಲ್ಲ ಹತ್ತು ಹತ್ತು ಡಿಗ್ರಿ ಸರಿದಿದ್ದವು. ಸುತ್ತ ನೋಡಿದರೆ ನಾವು ನಿಂತದ್ದು ಒಂದು ಕಬ್ಬಿಣದ ಗೇಟಿನ ಪಕ್ಕ. ಮೂವತ್ತು ಹೆಜ್ಜೆ ಈಚೆ ಬಂದು ಮತ್ತೆ ಅಳೆದೆವು. ಬಹುಪಾಲು ತಪ್ಪು ಮಾಯ. ಒಂದು ಕಡೆ ಮಾತ್ರ ಜಗ್ಗಲಿಲ್ಲ. ಗೆಳೆಯ ತಂತಿ ಜಾಲರಿಯ ಹಿಂದೆ ಹಾದುಹೋಗುವ ಜಾಗ ಅದು. ಅಲ್ಲಿ ಜಾಲರಿಯೇ ಮಾತಾಡುತ್ತಿತ್ತು, ಅವನಲ್ಲ. ನಮ್ಮ ಕಡೆ ಎಷ್ಟು ಸರಿದರೂ ಅದು ಹೋಗುವ ತಪ್ಪಲ್ಲ.

ಇದೆಲ್ಲ ಈಗ ಯಾರಿಗೆ ಬೇಕು ಅಂದರೆ, ಮೀಡಿಯಂ ವೇವ್‌ನ ದಿಕ್ಕು ಹೇಳುತ್ತಿದ್ದ ಆ ಹಳೇ ಸ್ಟೇಷನ್‌ಗಳ ಕಾಲ ಮುಗಿದಿದೆ. ಜಿಪಿಎಸ್ ಬಂದ ಮೇಲೆ ದಾರಿ ಕೇಳಲು ಯಾರೂ ಬೇರಿಂಗ್ ಕೇಳಲ್ಲ. ಆದರೆ ಹುಡುಕಲು ಈಗಲೂ ಬೇಕು. ಮುಳುಗುವ ಹಡಗಿನ ಬೀಕನ್ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಕೂಗುತ್ತದೆ. ನಮ್ಮ ದೇಶದಲ್ಲಿ ಆ ಕೂಗು ಬಂದು ಸೇರೋದು ಬೆಂಗಳೂರಿನಲ್ಲಿರುವ, ಉಪಗ್ರಹಗಳ ಮೇಲೆ ಕಣ್ಣಿಡುವ ಇಸ್ರೋ ಕೇಂದ್ರ ಇಸ್ಟ್ರಾಕ್‌ಗೆ. ಹತ್ತಿರ ಹೋದ ಮೇಲೆ ಅಲೆಗಳ ನಡುವೆ ತೆಪ್ಪ ಎಲ್ಲಿದೆ ಅಂತ ಹುಡುಕಲು ಅದೇ ಬೀಕನ್ 121.5 ಮೆಗಾಹರ್ಟ್ಸ್‌ನಲ್ಲೂ ಸಣ್ಣದಾಗಿ ಕೂಗುತ್ತಿರುತ್ತದೆ. ಅದನ್ನು ಹಿಡಿಯೋದು ವಿಮಾನ, ಹಡಗುಗಳಲ್ಲಿರುವ ಡೈರೆಕ್ಷನ್ ಫೈಂಡರ್. ಹಡಗುಗಳು ಮಾತಾಡುವ 16ನೇ ಚಾನೆಲ್, ಅಂದರೆ 156.8 ಮೆಗಾಹರ್ಟ್ಸ್, ಅದರ ದಿಕ್ಕು ಹಿಡಿಯುವ ಸ್ಟೇಷನ್‌ಗಳು ಎಷ್ಟೋ ದೇಶಗಳ ದಡದಲ್ಲಿವೆ. ಈಚೆಗೆ ಜಿಪಿಎಸ್‌ಗೇ ಸುಳ್ಳು ಸಿಗ್ನಲ್ ಕೊಟ್ಟು ದಾರಿ ತಪ್ಪಿಸೋದು ಜಾಸ್ತಿಯಾಗಿದೆ. ಆ ಸುಳ್ಳು ಎಲ್ಲಿಂದ ಬರುತ್ತಿದೆ ಅಂತ ಪತ್ತೆ ಮಾಡಲೂ ದಿಕ್ಕು ಹಿಡಿಯಲೇಬೇಕು. ಈಗ ಕಿವಿಯ ಜಾಗಕ್ಕೆ ಕಂಪ್ಯೂಟರ್ ಬಂದಿದೆ. ಪಟ್ಟಿ ಮಾಡುವ ಕೆಲಸ ಮಾತ್ರ ಹಾಗೇ ಇದೆ.

ಅವತ್ತು ಕೆರೆಯ ದಂಡೆಯಲ್ಲಿ ಮಾವ ತಮ್ಮ ದುಂಡಗಿನ ಅಕ್ಷರದಲ್ಲಿ ಒಂದು ಚೀಟಿ ಬರೆದು ಟ್ರೈಪಾಡಿನ ಕಾಲಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದರು. ಎಡ ಸಾಲಿನಲ್ಲಿ ಓದಿದ ಡಿಗ್ರಿ, ಬಲ ಸಾಲಿನಲ್ಲಿ ಹೇಳಬೇಕಾದ ಡಿಗ್ರಿ. ಕೊನೆಗೆ, 'ಜಾಲರಿ ಕಡೆ ಕೇಳಬೇಡ.' ಮುಂದಿನ ಭಾನುವಾರ ಕೆ.ಆರ್.ಎಸ್. ಹಿನ್ನೀರಿಗೆ ಹೋಗೋಣ, ಅಲ್ಲಿ ನೀರು ಅಗಲ ಅಂತ ಗೆಳೆಯ ಹುರುಪಿನಲ್ಲಿದ್ದ. ಮಾವ ಚೀಟಿಯ ನೆತ್ತಿಯ ಮೇಲೆ ಇನ್ನೊಂದು ಸಾಲು ಸೇರಿಸಿದರು: 'ಕುಕ್ಕರಹಳ್ಳಿಗೆ ಮಾತ್ರ.'